ತಪ್ಪು ಕಾಣಿಕೆ ಹಾಕಬೇಕಾದ್ದು ಯಾರಿಗೆ?

ಕೆಲವು ವರ್ಷಗಳ ಹಿಂದೆ ಒಬ್ಬರು ಹೆಂಡತಿಯನ್ನು ಕರೆದುಕೊಂಡು ನನ್ನ ವಕೀಲಿ ಕಚೇರಿಗೆ ಬಂದರು. ಅಡಿಕೆ ವ್ಯಾಪಾರ, ವಯಸ್ಸು ಐವತ್ತರ ಆಸುಪಾಸು. ಇವತ್ತಿನ ಮಾತಿನುದ್ದಕ್ಕೂ ಊರು, ಕಸುಬು, ವಯಸ್ಸು ಎಲ್ಲವನ್ನೂ ಬದಲಾಯಿಸಿಯೇ ಹೇಳುತ್ತೇನೆ, ಯಾರೂ ಗುರುತು ಹಿಡಿಯಲು ಹೋಗಬೇಡಿ. ಆತನಿಗೆ ನಾಲ್ಕು ವರ್ಷ ಇನ್ನೊಂದು ಸಂಬಂಧವಿತ್ತು. ಗೊತ್ತಾಗಿದೆ, ಗಲಾಟೆಯಾಗಿದೆ, ಬಿಟ್ಟಿದ್ದೂ ಆಗಿದೆ. ಈಗ ಹೆಂಡತಿ ಮಾತಾಡುತ್ತಿಲ್ಲ ಎನ್ನುವುದು ಅವರ ದೂರು. ಹೇಳಿದರು: 'ನೋಡಿ ಮೇಡಂ, ತಪ್ಪಾಯ್ತು ಅಂತ ಮನೆದೇವ್ರಿಗೆ ತಪ್ಪು ಕಾಣಿಕೆ ಕಟ್ಟಿಟ್ಟೆ, ಹೋಗಿ ಹಾಕಿ ಬಂದೆ. ದೇವ್ರೇ ಒಪ್ಕೊಂಡ ಮೇಲೆ ಇವ್ಳಿಗೇನು?'

ಆಕೆ ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ಮುಖ ತಿರುಗಿಸದೆ ಕೇಳಿದರು: 'ತಪ್ಪು ದೇವ್ರಿಗೆ ಮಾಡಿದ್ರಾ?'

ನಿಮಗೆ ನಗು ಬಂತು. ನನಗೂ ಬಂದಿತ್ತು, ತಡೆದುಕೊಂಡೆ. ಆದರೆ ಇಪ್ಪತ್ತೆಂಟು ವರ್ಷ ಮನೆಮುರಿದ ಕೇಸುಗಳನ್ನೇ ನೋಡುತ್ತ ಬಂದವಳಿಗೆ ಈ ಒಂದು ಪ್ರಶ್ನೆಗಿಂತ ದೊಡ್ಡದು ಸಿಕ್ಕಿಲ್ಲ. ಗಂಡ ದೇವರ ಹತ್ತಿರ ಹೇಳಿಕೊಂಡ, ಅಣ್ಣನ ಹತ್ತಿರ ಹೇಳಿಕೊಂಡ, ನನ್ನ ಹತ್ತಿರವೂ ಹೇಳಿಕೊಂಡ. ಯಾರಿಗೆ ಹೇಳಬೇಕಿತ್ತೋ ಅವಳಿಗೆ ಮಾತ್ರ 'ಆಯ್ತಲ್ಲ, ಬಿಡು' ಎಂದ.

ಈ ವಿಷಯಕ್ಕೆ ನಮ್ಮಲ್ಲಿ ಎಂಥ ಮಾತುಗಳಿವೆ, ಮೊದಲು ನೋಡಿ. ಗಂಡಸಾದರೆ 'ಇಟ್ಕೊಂಡಿದ್ದಾನೆ'. ಹೆಂಗಸಾದರೆ 'ಕೆಟ್ಟಳು', ಇಲ್ಲವೇ 'ಓಡಿಹೋದಳು'. ಅವನು ಏನನ್ನೋ ಗಳಿಸಿದ, ಇವಳು ಏನನ್ನೋ ಕಳೆದುಕೊಂಡಳು. ಪೇಪರಿನವರು ಇಬ್ಬರಿಗೂ ಸೇರಿಸಿ 'ಅನೈತಿಕ ಸಂಬಂಧ' ಎಂದು ಬರೆಯುತ್ತಾರೆ, ಸಾಮಾನ್ಯವಾಗಿ ಕೊಲೆಯಾದ ಮೇಲೆ. ಮನೆಯಲ್ಲಿ ಕೂತವರಿಗೆ ಏನಾಯಿತು ಎಂದು ಹೇಳುವ ಒಂದು ಮಾತೂ ಇದರಲ್ಲಿಲ್ಲ. ನನ್ನ ಕಕ್ಷಿದಾರರು ಹೇಳುವುದು ಬೇರೆ: 'ಮೋಸ ಆಯ್ತು ಮೇಡಂ', 'ನಂಬಿಕೆ ಹೋಯ್ತು'. ನಾನು ಆ ಮಾತುಗಳನ್ನೇ ಬಳಸುತ್ತೇನೆ.

ಕಾನೂನಿನ ಮಾತೂ ಬಹಳ ಕಾಲ ಹೀಗೇ ವಕ್ರವಾಗಿತ್ತು. ಭಾರತೀಯ ದಂಡ ಸಂಹಿತೆ 1860ರದ್ದು. ಅದರ 497ನೇ ಕಲಂ ಪ್ರಕಾರ, ಇನ್ನೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆಯಿಲ್ಲದೆ ಸಂಬಂಧ ಮಾಡಿದ ಗಂಡಸಿಗೆ 5 ವರ್ಷದವರೆಗೆ ಸಜೆ. ಗಂಡನೇ ಒಪ್ಪಿದ್ದರೆ ಅಪರಾಧವೇ ಅಲ್ಲ! ಮದುವೆಯಾದವನು ವಿಧವೆಯ ಜೊತೆಗೋ ಮದುವೆಯಾಗದವಳ ಜೊತೆಗೋ ಹೋದರೆ ಈ ಕಲಂ ಅವನನ್ನು ಮುಟ್ಟುವುದಿಲ್ಲ. ಹೆಂಡತಿ ದೂರು ಕೊಡುವ ಹಾಗೂ ಇಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರ ದನ ನುಗ್ಗಿದಾಗ ಗದ್ದೆಯ ಯಜಮಾನ ಪಂಚಾಯ್ತಿಗೆ ಹೋಗುತ್ತಾನಲ್ಲ, ಅದೇ ಲೆಕ್ಕ. ಗದ್ದೆಯನ್ನು ಯಾರೂ ಏನೂ ಕೇಳುವುದಿಲ್ಲ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅದನ್ನು ಕಿತ್ತುಹಾಕಿದರು. ಮಾರನೇ ದಿನ ನಮ್ಮ ಬಾರ್ ಕೊಠಡಿಯಲ್ಲಿ ಒಬ್ಬ ಹಿರಿಯರು, 'ಇನ್ನು ಯಾರು ಯಾರ ಜೊತೆ ಬೇಕಾದ್ರೂ ಹೋಗ್ಬಹುದು ಬಿಡಮ್ಮ' ಅಂದರು. ಹಾಗಲ್ಲ. ಜೈಲು ಹೋಯಿತು ಅಷ್ಟೆ. ವಿಚ್ಛೇದನಕ್ಕೆ ಪರಸಂಬಂಧ ಆಗಲೂ ಕಾರಣ, ಈಗಲೂ ಕಾರಣ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು 'ವ್ಯಭಿಚಾರದಲ್ಲಿ ಬದುಕುತ್ತಿದ್ದರೆ' ಎಂದಿತ್ತು. 1976ರ ತಿದ್ದುಪಡಿಯ ನಂತರ ಒಂದೇ ಒಂದು ಸಲ ಆದರೂ ಸಾಕು, ಗಂಡನಾಗಲಿ ಹೆಂಡತಿಯಾಗಲಿ ಅರ್ಜಿ ಹಾಕಬಹುದು.

ಇದೇ ಕಾಯ್ದೆಯ 23ನೇ ಕಲಮಿನಲ್ಲಿ ಒಂದು ಸಣ್ಣ ಷರತ್ತಿದೆ. ನಾನು ಇವತ್ತು ನಿಮ್ಮ ಮುಂದೆ ನಿಂತದ್ದಕ್ಕೆ ಆ ಷರತ್ತೇ ಅರ್ಧ ಕಾರಣ. ಅರ್ಜಿ ಹಾಕಿದವರು ಆ ತಪ್ಪನ್ನು ಮನ್ನಿಸಿರಬಾರದು ಎನ್ನುತ್ತದೆ ಅದು. ಮನ್ನಿಸಿದ್ದರೆ, ಅದೇ ತಪ್ಪಿನ ಮೇಲೆ ವಿಚ್ಛೇದನ ಇಲ್ಲ. ಅಂದರೆ ಕೋರ್ಟು ಕೂತು, ಸಾಕ್ಷಿ ಕೇಳಿ, ಈ ಹೆಂಗಸು ಈ ಗಂಡಸನ್ನು ಕ್ಷಮಿಸಿದ್ದಾಳೋ ಇಲ್ಲವೋ ಎಂದು ತೀರ್ಪು ಕೊಡಬೇಕು. ದೇವಸ್ಥಾನದಲ್ಲೂ ಇಷ್ಟು ಕಷ್ಟದ ಕೆಲಸವನ್ನು ಯಾರಿಗೂ ವಹಿಸುವುದಿಲ್ಲ.

ಕ್ಷಮೆ ಎಂದರೇನು ಎಂದು 1975ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂತು, ದಾಸ್ತಾನೆ ದಂಪತಿಯ ಪ್ರಕರಣದಲ್ಲಿ. ಅಲ್ಲಿದ್ದದ್ದು ಪರಸಂಬಂಧವಲ್ಲ, ಹೆಂಡತಿ ಕ್ರೌರ್ಯ ತೋರಿಸಿದಳು ಎಂಬ ಗಂಡನ ದೂರು. ತೀರ್ಪು ಬರೆದವರು ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್. (ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಇದೇ ಚಂದ್ರಚೂಡರು 1985ರಲ್ಲಿ 497ನೇ ಕಲಂ ಸರಿ ಎಂದು ಎತ್ತಿಹಿಡಿದಿದ್ದರು. 2018ರಲ್ಲಿ ಅದನ್ನು ಕಿತ್ತವರಲ್ಲಿ ಅವರ ಮಗ ಡಿ. ವೈ. ಚಂದ್ರಚೂಡರೂ ಒಬ್ಬರು. ಅಪ್ಪ ಮಗ ಊಟದ ಹೊತ್ತಿನಲ್ಲಿ ಏನು ಮಾತಾಡಿಕೊಳ್ಳುತ್ತಿದ್ದರೋ.) ದಾಸ್ತಾನೆ ತೀರ್ಪಿನ ಪ್ರಕಾರ ಮನ್ನಿಸುವುದು ಎಂದರೆ ಎರಡು ಸೇರಬೇಕು. ಒಂದು, ಕ್ಷಮೆ. ಎರಡು, ತಪ್ಪು ಮಾಡಿದವರನ್ನು ತಪ್ಪಿಗೆ ಮೊದಲು ಇದ್ದ ಜಾಗದಲ್ಲೇ ಮತ್ತೆ ಕೂರಿಸುವುದು. ಬಾಯಲ್ಲಿ 'ಕ್ಷಮಿಸಿದೆ' ಎಂದು ಹಜಾರದಲ್ಲಿ ಬೇರೆ ಚಾಪೆ ಹಾಸಿಕೊಟ್ಟರೆ ಅದು ಕಾನೂನಿನ ಕ್ಷಮೆಯಲ್ಲ.

ಇದು ನನಗೆ ಒಪ್ಪಿಗೆ. ಆ ಗಂಡ ಹೆಂಡತಿ ದೂರುಗಳ ನಡುವೆಯೂ ಒಟ್ಟಿಗೇ ಬಾಳಿದ್ದರು, ಆಕೆ ಮನೆ ಬಿಡುವಾಗ ಮೂರು ತಿಂಗಳ ಬಸುರಿ. ಹಾಗಾಗಿ ಗಂಡ ಮನ್ನಿಸಿದ್ದಾನೆ ಎಂದು ಕೋರ್ಟು ತೀರ್ಮಾನಿಸಿ ಅರ್ಜಿ ವಜಾ ಮಾಡಿತು. ಆ ಪ್ರಕರಣಕ್ಕೆ ಅದು ಸರಿಯೇ ಇರಬಹುದು. ಆದರೆ ಇದೇ ಅಳತೆಗೋಲನ್ನು ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಹಿಡಿದರೆ? ತವರಿನಲ್ಲಿ ಜಾಗವಿಲ್ಲ, ಕೈಯಲ್ಲಿ ಕಾಸಿಲ್ಲ, ಎರಡು ಮಕ್ಕಳು. ಅವಳು ಅದೇ ಸೂರಿನಡಿ, ಅದೇ ಹಾಸಿಗೆಯಲ್ಲಿ ಮಲಗಿದ್ದು ಕ್ಷಮೆಯೋ, ಬೇರೆ ದಿಕ್ಕಿಲ್ಲದ್ದೋ? ಅದನ್ನು ಕ್ಷಮೆ ಎಂದು ಕರೆಯುವವರ ಜೊತೆ ನಾನು ಜೀವನಪೂರ್ತಿ ಜಗಳವಾಡಿದ್ದೇನೆ. ಇನ್ನೂ ಆಡುತ್ತೇನೆ.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಕ್ಷಮೆಗೆ ಯಾವಾಗಲೂ ಒಂದು ಷರತ್ತು ಅಂಟಿಕೊಂಡೇ ಇರುತ್ತದೆ: ತಪ್ಪು ಮಾಡಿದವರು ಮತ್ತೆ ತಪ್ಪು ಮಾಡಬಾರದು. ಮಾಡಿದರೆ ಮನ್ನಿಸಿದ ಹಳೆಯ ತಪ್ಪೂ ಜೀವ ಬಂದು ಎದ್ದು ನಿಲ್ಲುತ್ತದೆ. 'ಒಂದ್ಸಲ ಕ್ಷಮಿಸಿದ್ಮೇಲೆ ಹಳೇದನ್ನ ಎತ್ಬಾರ್ದು' ಎನ್ನುವವರಿಗೆ ಇದನ್ನು ಹೇಳುತ್ತೇನೆ. ಎತ್ತುವುದು ಬಿಡುವುದು ಕ್ಷಮಿಸಿಕೊಂಡವರ ಕೈಯಲ್ಲೂ ಇದೆ.

ಕೋರ್ಟು ಸಾಕು, ಈಗ ಉಜ್ಜಯಿನಿಗೆ ಹೋಗೋಣ. ಜನ್ನನ ಯಶೋಧರ ಚರಿತೆ ಕಾಲೇಜಿನಲ್ಲಿ ಓದಿದವರು ಇಲ್ಲಿ ಕೆಲವರಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಹೊಯ್ಸಳರ ವೀರಬಲ್ಲಾಳನ ಕಾಲ, 1209ರಲ್ಲಿ ಮುಗಿದ ಕಾವ್ಯ. ರಾಣಿ ಅಮೃತಮತಿ ರಾತ್ರಿ ಒಂದು ಹಾಡು ಕೇಳುತ್ತಾಳೆ. ಹಾಡಿದವನು ಮಾವುತ ಅಷ್ಟಾವಂಕ, ಕುರೂಪಿ. ಅವಳು ಅವನಿಗೆ ಸೋಲುತ್ತಾಳೆ. ಒಂದು ರಾತ್ರಿ ರಾಜ ಯಶೋಧರ ನಿದ್ದೆ ಬಂದವನಂತೆ ಮಲಗಿ, ಅವಳು ಎದ್ದು ಹೋದಾಗ ಹಿಂದೆಯೇ ಹೋಗುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ, ಅವಳು ಅದನ್ನು ಸಹಿಸಿ ಬೇಡಿಕೊಳ್ಳುವುದನ್ನೂ ಮರೆಯಲ್ಲಿ ನಿಂತು ನೋಡುತ್ತಾನೆ. ಕತ್ತಿ ಮೇಲೇಳುತ್ತದೆ. ತಡೆದುಕೊಳ್ಳುತ್ತಾನೆ. ವಾಪಸ್ಸು ಬಂದು ಮಲಗುತ್ತಾನೆ.

ನಮ್ಮ ಮೇಷ್ಟರು ಇಲ್ಲಿಗೆ ಬಂದಾಗ, 'ನೋಡ್ರಯ್ಯ, ಎಂಥ ಸಂಯಮ' ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಈ ಕೆಲಸಕ್ಕೆ ಬಂದು ಹತ್ತು ವರ್ಷವಾದ ಮೇಲೆ ಮತ್ತೆ ಓದಿದೆ. ಆಗ ಕಂಡದ್ದು ಬೇರೆ. ಅವನು ಕೊಲ್ಲಲಿಲ್ಲ, ದೊಡ್ಡದು, ಒಪ್ಪಿದೆ. ಆದರೆ ಕೇಳಲೂ ಇಲ್ಲ. 'ನಾನು ನೋಡಿದೆ' ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಬದಲಿಗೆ ಮರುದಿನ ಸರಸದ ನೆಪದಲ್ಲಿ ನೈದಿಲೆ ಹೂವಿನಿಂದ ಅವಳನ್ನು ಹೊಡೆಯುತ್ತಾನೆ, ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ, ಅವನು ಚುಚ್ಚಿ ಮಾತಾಡುತ್ತಾನೆ. ರಾತ್ರಿ ಮಾವುತನ ಏಟು ತಿಂದವಳು ಹಗಲು ಹೂವಿನ ಏಟಿಗೆ ಬಿದ್ದಳು. ಈ ಹೂವಿನ ಏಟನ್ನು ನಾನು ದಿನಾ ನೋಡುತ್ತೇನೆ ಸ್ವಾಮಿ. 'ನಮ್ಮನೆಯವ್ರಿಗೆ ಫೋನಂದ್ರೆ ಪ್ರಾಣ', 'ಇವ್ಳಿಗೇನು, ಹೊರಗಡೆ ಫ್ರೆಂಡ್ಸ್ ಜಾಸ್ತಿ'. ನೆಂಟರ ಮುಂದೆ, ನಗುನಗುತ್ತಾ.

ಮುಂದೇನಾಯಿತು? ಅಮ್ಮ ಚಂದ್ರಮತಿ ಮಗನ ಮುಖ ಬಾಡಿದ್ದು ನೋಡಿ ಕೇಳಿದಳು. ನಿಜ ಹೇಳಲಾರದೆ, ಕೆಟ್ಟ ಕನಸು ಕಂಡೆ ಎಂದ. ಕನಸಾದರೆ ಶಾಂತಿ ಮಾಡಿಸಬೇಕು, ಬಲಿ ಕೊಡಬೇಕು ಎಂದಳು ತಾಯಿ. ಅವನು ಜೀವಹಿಂಸೆ ಒಲ್ಲೆ ಎಂದ. ಹಾಗಾದರೆ ಹಿಟ್ಟಿನ ಕೋಳಿಯಾದರೂ ಆಗಲಿ ಎಂದಾಯಿತು. ದೇವಿಯ ಮುಂದೆ ಕತ್ತರಿಸಿದಾಗ ಹಿಟ್ಟಿನ ಕೋಳಿ ಕೂಗಿತು. ಕೊನೆಗೆ ರಾಣಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕಿದಳು, ಆಮೇಲೆ ಅವರಿಗೆ ಜನ್ಮಜನ್ಮದ ಅಲೆದಾಟ. ಜನ್ನ ಹೇಳುವುದು ಸಂಕಲ್ಪಹಿಂಸೆಯ ಮಾತು, ಹಿಟ್ಟಿನದಾದರೂ ಕೊಲ್ಲುವ ಮನಸ್ಸು ಕೊಲೆಯೇ ಎಂದು. ಜೈನ ಕವಿ, ಅವನ ದಾರಿ ಅದು. ನನ್ನ ಓದು ಅಷ್ಟು ದೊಡ್ಡದಲ್ಲ. ಮೊದಲ ಸುಳ್ಳು ರಾಣಿಯದು. ಎರಡನೆಯದು ರಾಜನ ಕನಸು. ಕಥೆ ಕೈಮೀರಿದ್ದು ಎರಡನೆಯದರಿಂದ. ಅವನು ಕ್ಷಮಿಸಲಿಲ್ಲ, ಮುಚ್ಚಿಟ್ಟ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮುಚ್ಚಿಡುವುದಾಯಿತು. ಇನ್ನೊಂದು ಮರೆಯುವುದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗದವರು ಕಡಿಮೆ. ರೇಣುಕೆಯ ಕಥೆ ನಾನು ಹೇಳಬೇಕಾಗಿಲ್ಲ. ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ನೋಡಿ ಒಂದು ಗಳಿಗೆ ಮನಸ್ಸು ಅಲುಗಾಡಿತು, ಮರಳಿನ ಕೊಡ ನಿಲ್ಲಲಿಲ್ಲ, ಜಮದಗ್ನಿ ಮಗನ ಕೈಯಲ್ಲೇ ತಲೆ ಕಡಿಸಿದ. ಅವಳ ಮೈ ಎಲ್ಲಿಗೂ ಹೋಗಿರಲಿಲ್ಲ ನೋಡಿ, ಬರೀ ಮನಸ್ಸು. ಆಮೇಲೆ ಪರಶುರಾಮ ವರ ಕೇಳಿದ, ತಾಯಿ ಬದುಕಿದಳು. ಮಹಾಭಾರತದ ವನಪರ್ವದಲ್ಲಿ ಅವನು ಜೊತೆಗೆ ಇನ್ನೊಂದನ್ನೂ ಕೇಳುತ್ತಾನೆ: ತನ್ನನ್ನು ಕೊಂದದ್ದು ತಾಯಿಗೆ ನೆನಪಿರಬಾರದು.

ನನ್ನ ಕಚೇರಿಗೆ ಬರುವ ಗಂಡಂದಿರಲ್ಲಿ ಹೆಚ್ಚಿನವರಿಗೆ ಬೇಕಾದ್ದು ಪರಶುರಾಮನ ಈ ವರ. ಕೆಲವು ಹೆಂಡತಿಯರಿಗೂ. ಅವಳು ಎದ್ದು ಓಡಾಡಬೇಕು, ಅಡುಗೆ ಮಾಡಬೇಕು, ಹಬ್ಬಕ್ಕೆ ರೇಷ್ಮೆ ಸೀರೆ ಉಡಬೇಕು, ಆದರೆ ಕತ್ತು ಕೊಯ್ದದ್ದು ನೆನಪಿರಕೂಡದು. 'ಇನ್ನೂ ಎಷ್ಟು ದಿನ ಇದನ್ನೇ ಹಿಡ್ಕೊಂಡು ಕೂತಿರ್ತೀಯ?' ಎಂದು ಸಂಬಂಧ ಬೆಳಕಿಗೆ ಬಂದು ಆರೇ ವಾರಕ್ಕೆ ಕೇಳಿದವರಿದ್ದಾರೆ. ನಾನು ಅವರಿಗೆ ತಿರುಗಿ ಕೇಳುತ್ತೇನೆ: ನೀವು ಎಷ್ಟು ದಿನ ಮುಚ್ಚಿಟ್ಟಿದ್ದಿರಿ?

ಸತ್ಯ ಹೇಳುವುದರಲ್ಲೂ ಒಂದು ಕೆಟ್ಟ ಚಾಳಿ ಇದೆ. ಕಂತಿನಲ್ಲಿ ಹೇಳುವುದು. ಒಬ್ಬ ಹೆಣ್ಣುಮಗಳಿಗೆ ಗಂಡನ ವಿಷಯ ಗೊತ್ತಾದದ್ದು ಫೋನ್‌ಪೇಯ ಪಟ್ಟಿಯಿಂದ. ತಿಂಗಳು ತಿಂಗಳು ಒಂದೇ ನಂಬರಿಗೆ ರೀಚಾರ್ಜ್. ಕೇಳಿದಾಗ 'ಆಫೀಸಿನವಳು, ಪಾಪ' ಎಂದ. ವಾರ ಬಿಟ್ಟು 'ಒಂದೆರಡು ಸಲ ಕಾಫಿ ಕುಡಿದಿದ್ವಿ'. ಆಮೇಲೆ 'ಒಂದೇ ಒಂದು ಸಲ'. ಹೀಗೆ ಯುಗಾದಿಯಿಂದ ದಸರಾವರೆಗೆ ನಡೆಯಿತು. ಆಕೆ ಹೇಳಿದ್ದು: 'ಅವ್ರು ಒಂದ್ಸಲ ಮೋಸ ಮಾಡಿದ್ರು ಅಂತ ನೀವು ಬರ್ಕೊಂಡಿದ್ದೀರ. ನಂಗೆ ಏಳು ಸಲ ಆಗಿದೆ ಮೇಡಂ. ಪ್ರತಿ ಸಲ ಹೊಸದು ಹೇಳಿದಾಗ್ಲೂ ಮದ್ಲಿಂದ ಶುರು ಮಾಡ್ಬೇಕು.' ಆ ವಾಕ್ಯವನ್ನು ನಾನು ಡೈರಿಯಲ್ಲಿ ಹಾಗೇ ಬರೆದಿಟ್ಟುಕೊಂಡೆ.

ಹಾಗಂತ ಎಲ್ಲ ವಿವರವನ್ನೂ ಕಕ್ಕಬೇಕೆಂದಲ್ಲ. ಯಾವ ಹೋಟೆಲು, ಯಾವ ಸೀರೆ ಎಂದೆಲ್ಲ ಕೇಳಿ ತಿಳಿದುಕೊಂಡವರು ಆಮೇಲೆ ಆ ರಸ್ತೆಯಲ್ಲಿ ಹೋಗಲಾರದೆ ಒದ್ದಾಡಿದ್ದನ್ನು ಕಂಡಿದ್ದೇನೆ. ಯಾರು, ಎಷ್ಟು ದಿನ, ಈಗ ಮುಗಿದಿದೆಯೋ ಇಲ್ಲವೋ, ದುಡ್ಡು ಎಷ್ಟು ಹೋಗಿದೆ, ಆರೋಗ್ಯದ ಪರೀಕ್ಷೆ ಬೇಕೋ. ಇಷ್ಟು ಒಂದೇ ಸಲಕ್ಕೆ, ಕೇಳುವ ಮೊದಲೇ ಹೇಳಿಬಿಡಬೇಕು. ಉಳಿದದ್ದು ಅವರು ಕೇಳಿದರೆ.

ಫೋನಿನ ಮಾತು ಬಂತು. ಗಂಡ ಹೆಂಡತಿ ನಡುವಿನ ಮಾತನ್ನು ಕದ್ದು ರೆಕಾರ್ಡ್ ಮಾಡಿದರೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದಿನಿಂದ ಕಕ್ಷಿದಾರರು ಪೆನ್‌ಡ್ರೈವ್ ಹಿಡಿದೇ ಬರುತ್ತಾರೆ. ಕೇಸು ಗೆಲ್ಲಲು ಅನುಕೂಲವೇ. ಆದರೆ ಮನೆ ಉಳಿಸಿಕೊಳ್ಳಬೇಕು ಎಂದು ಬಂದವರಿಗೆ ನಾನು ಆ ಪೆನ್‌ಡ್ರೈವನ್ನು ತೆರೆಯುವುದಿಲ್ಲ. ಪಾಸ್‌ವರ್ಡ್ ಕಿತ್ತುಕೊಂಡು ಪೊಲೀಸಿನವರ ಹಾಗೆ ಕಾಯುವುದು ಬೇರೆ, ತಪ್ಪು ಮಾಡಿದವನೇ ಫೋನನ್ನು ಊಟದ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟು ಸ್ನಾನಕ್ಕೆ ಹೋಗುವುದು ಬೇರೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಹೇಳದಿದ್ದರೆ ಇಷ್ಟು ಹೊತ್ತು ಆಡಿದ ಮಾತಿಗೆ ಅರ್ಥವಿರುವುದಿಲ್ಲ. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯ್ದೆ, ಮೊದಲು ರಾಜಿಗೆ ಪ್ರಯತ್ನಿಸಿ ಎನ್ನುತ್ತದೆ. ಒಳ್ಳೆಯದೇ. ಹೊಸದರಲ್ಲಿ ನನಗೆ ರಾಜಿಯ ಹುಚ್ಚು. ಒಬ್ಬ ಇಪ್ಪತ್ತಾರರ ಹುಡುಗಿಗೆ, 'ಅವ್ನು ಕಾಲಿಗೆ ಬಿದ್ದಿದ್ದಾನಲ್ಲಮ್ಮ, ಮಗೂ ಮುಖ ನೋಡು' ಎಂದೆ. ಅತ್ತೆ, ತಾಯಿ, ಸೋದರಮಾವ ಎಲ್ಲರೂ ಅದನ್ನೇ ಹೇಳಿದ್ದರು, ಕೊನೆಗೆ ವಕೀಲೆಯೂ ಹೇಳಿದಳು. ಅವಳು ಹೋದಳು. ಎರಡು ವರ್ಷಕ್ಕೆ ಮತ್ತೆ ಬಂದಳು. ಗಂಡ ಮತ್ತೆ ತಪ್ಪು ಮಾಡಿರಲಿಲ್ಲ, ಆ ಮಟ್ಟಿಗೆ ಸರಿ ಇದ್ದ. 'ಮೇಡಂ, ನಾನು ಕ್ಷಮಿಸ್ಲೇ ಇಲ್ಲ. ನೀವೆಲ್ಲ ಸೇರಿ ನನ್ನ ಪರವಾಗಿ ಕ್ಷಮಿಸಿದ್ರಿ' ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಒಪ್ಪಿಗೆಯ ವಿಚ್ಛೇದನ ತೆಗೆದುಕೊಂಡರು. ಇವತ್ತಿಗೂ ಮಗಳ ಶಾಲೆಯ ಫೀಸು ಅವನು ತಾರೀಕು ತಪ್ಪದೆ ಕಟ್ಟುತ್ತಾನೆ, ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಕೆಟ್ಟ ಮಾತಾಡುವುದಿಲ್ಲ. ಒಟ್ಟಿಗಿದ್ದು ದಿನಾ ಸುಳ್ಳಾಡುವ ಎಷ್ಟೋ ಸಂಸಾರಗಳಿಗಿಂತ ಆ ಬೇರೆಯಾದವರ ನಡತೆ ನನಗೆ ಶುದ್ಧವಾಗಿ ಕಾಣುತ್ತದೆ.

ತಪ್ಪು ಮಾಡಿದವಳು ಹೆಂಡತಿಯಾದರೆ? ಅಲ್ಲಿ ಹಿರಿಯರು ಕ್ಷಮೆಯ ಮಾತೇ ಎತ್ತುವುದಿಲ್ಲ, ಬಟ್ಟೆ ಗಂಟು ಕಟ್ಟುತ್ತಾರೆ. ಒಬ್ಬ ಗಂಡ ಮಾತ್ರ ಇಡೀ ಊರನ್ನು ಎದುರು ಹಾಕಿಕೊಂಡು ಅವಳನ್ನು ಮನೆಯೊಳಗೆ ಕರೆದುಕೊಂಡ. ನಾವೆಲ್ಲ ದೊಡ್ಡ ಮನುಷ್ಯ ಎಂದೆವು, ನಾನಂತೂ ನಾಲ್ಕು ಕಡೆ ಅವನ ಉದಾಹರಣೆ ಕೊಟ್ಟೆ. ಐದು ವರ್ಷದ ಮೇಲೆ ಆಕೆ ಬಂದಾಗ ತಿಳಿಯಿತು. ಸೈಟು ಅವನ ತಮ್ಮನ ಹೆಸರಿಗೆ ಹೋಗಿತ್ತು, ಆಕೆಯ ಸಂಬಳದ ಕಾರ್ಡು ಅವನ ಜೇಬಿನಲ್ಲಿತ್ತು. ಆಕೆಯ ತಾಯಿ ಸತ್ತಾಗ ಮೂರು ದಿನಕ್ಕಿಂತ ಹೆಚ್ಚು ನಿಲ್ಲಲು ಬಿಟ್ಟಿರಲಿಲ್ಲ. ಏನು ಕೇಳಿದರೂ ಒಂದೇ ಉತ್ತರ: 'ನಿನ್ನಂಥವಳನ್ನ ಇಟ್ಕೊಂಡಿದ್ದೀನಲ್ಲ.' ಅವನು ಕ್ಷಮೆಯನ್ನು ಬಡ್ಡಿಗೆ ಕೊಟ್ಟಿದ್ದ, ಬಡ್ಡಿಯನ್ನಷ್ಟೇ ವಸೂಲು ಮಾಡುತ್ತಿದ್ದ, ಅಸಲು ತೀರುವುದು ಅವನಿಗೆ ಬೇಕಿರಲಿಲ್ಲ. ಮೋಸಹೋದವರಿಗೂ ಪ್ರಾಮಾಣಿಕತೆಯ ಜವಾಬ್ದಾರಿ ಇದೆ ಎಂದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ. ಕ್ಷಮಿಸಲಾರೆ ಎಂದರೆ ಯಾರೂ ತಪ್ಪು ಹೇಳುವಂತಿಲ್ಲ. ಕ್ಷಮಿಸಿದೆ ಎಂದು ಹೇಳಿ ಕ್ಷಮಿಸದೆ ಇರುವುದು ಅಮೃತಮತಿಗೆ ಹೊಡೆದ ನೈದಿಲೆಯೇ.

ಕ್ಷಮಿಸಿದವರು ಹೇಗಿರುತ್ತಾರೆ ಎಂದು ಮುಂದಿನ ಸಾಲಿನವರೊಬ್ಬರು ಆಗಲೇ ಕೇಳಿದರು. ಒಬ್ಬರನ್ನು ಮಾತ್ರ ಹೇಳಬಲ್ಲೆ.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಒಬ್ಬ ಟೀಚರು ವಿಚ್ಛೇದನದ ಅರ್ಜಿ ಬರೆಸಿದರು. ಗಂಡ ಬ್ಯಾಂಕಿನವರು. ಎಲ್ಲ ಬರೆದು ಸಹಿಯಾಯಿತು, ನಾಳೆ ಫೈಲ್ ಮಾಡಬೇಕು. ಸಂಜೆ ಇಬ್ಬರೂ ಒಟ್ಟಿಗೆ ಬಂದರು. ಆಕೆ, 'ಹಾಕ್ಬೇಡಿ ಮೇಡಂ, ಆದ್ರೆ ಹರೀಬೇಡಿ. ನಿಮ್ಮತ್ರಾನೇ ಇರ್ಲಿ' ಎಂದರು. ಆತ ಅದೇ ಅರ್ಜಿಯನ್ನು ಅಲ್ಲೇ ಕೂತು ಓದಿದರು. ಹನ್ನೆರಡು ಪುಟ. ತಾನು ಮಾಡಿದ್ದು, ತಾರೀಕಿನ ಸಮೇತ. ಎಂಟನೇ ಪುಟದಲ್ಲಿ ಪೆನ್ನು ಕೇಳಿದರು. ಜಗಳ ತೆಗೆಯುತ್ತಾರೆ ಎಂದುಕೊಂಡೆ. 'ಇಲ್ಲಿ ಮಾರ್ಚ್ ಅಂತಿದೆ, ಜನವರಿಯಿಂದ' ಎಂದು ತಿದ್ದಿದರು. ಆಕೆ ಅದನ್ನು ನೋಡಿದರು. ಏನೂ ಹೇಳಲಿಲ್ಲ.

ಹೋದ ವರ್ಷ ನನ್ನ ಕಚೇರಿ ಬೇರೆ ಕಡೆಗೆ ಬದಲಾಯಿತು. ಹಳೆಯ ಕಾಗದಪತ್ರ ಗುಜರಿಗೆ ಹಾಕುವ ಮುಂಚೆ ಈ ಫೈಲು ಸಿಕ್ಕಿತು, ಟೀಚರಿಗೆ ಫೋನ್ ಮಾಡಿ ಏನು ಮಾಡಲಿ ಎಂದು ಕೇಳಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು. 'ಅಯ್ಯೋ, ಅದಿನ್ನೂ ಇದ್ಯಾ? ತಡೀರಿ, ಇವ್ರನ್ನೇ ಕೇಳಿ' ಎಂದು ಫೋನು ಕೊಟ್ಟರು.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಇರ್ಲಿ ಮೇಡಂ. ಜಾಗ ಇದ್ರೆ ಇಟ್ಕೊಂಡಿರಿ' ಎಂದರು.

ಜಾಗ ಇತ್ತು. ಸಾಮಾನಿನ ಟೆಂಪೋದಲ್ಲಿ ಅದೂ ಹೊಸ ಕಚೇರಿಗೆ ಬಂತು.